ಹಿಂದೆ ಹುಕ್ಕಿನ ರವಿಕೆ

ಫೋನು ಒಂದಾದ ಮೇಲೊಂದು ಟಿಣ್ ಟಿಣ್ ಎಂದಾಗ ಸಂಧ್ಯಾರಾಣಿ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈ ಒರೆಸಿಕೊಂಡು ನೋಡಿದರೆ, ನ್ಯಾಮತಿಯಿಂದ ಉಷಾರಾಣಿ ಕಳಿಸಿದ ಫೋಟೋಗಳು. ಬರುವ ತಿಂಗಳು ಮೈದುನ ಸತೀಶ್ ಕುಮಾರನ ಜೊತೆ ನಿಶ್ಚಿತಾರ್ಥವಾಗಲಿದ್ದ ಹುಡುಗಿ ಅವಳು. ಫೋಟೋದಲ್ಲಿದ್ದದ್ದು ಮಾತ್ರ ಅವಳಲ್ಲ, ಬರೀ ರವಿಕೆಗಳು. ಒಂದಕ್ಕೆ ಬುರುಗಿನಂತೆ ಉಬ್ಬಿದ ತೋಳು. ಇನ್ನೊಂದಕ್ಕೆ ಬೆನ್ನೇ ಇಲ್ಲ, ಎರಡು ದಾರ ಮತ್ತು ಗೊಂಡೆ. ಮೂರನೆಯದು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ನೇರವಾಗಿ ಗೆರೆ ಎಳೆದಂಥ ಕೊರಳಿನದು. ಕೆಳಗೆ ಉಷಾರಾಣಿಯ ಧ್ವನಿ.

"ಅಕ್ಕಾ, ಈ ಸೀಸನ್ನಿಗೆ ಇವೇ ನಡೀತಿರೋದು. ಯಾವ್ದು ಹೊಲಿಸ್ತೀರಿ ನೋಡ್ರಿ. ನನಗೆ ಉಡಿ ತುಂಬೋರು ನೀವೇ ಅಂತಲ್ಲ, ಎಲ್ಲಾ ಫೋಟೋದಾಗೂ ನನ್ ಪಕ್ಕದಾಗೇ ಬರ್ತೀರಿ."

ಸಂಧ್ಯಾರಾಣಿ ಅದನ್ನು ಇನ್ನೊಮ್ಮೆ ಹಾಕಿ ಕೇಳಿದಳು. ಮನುಷ್ಯರನ್ನು ಅವಳು ತಿಳಿದುಕೊಳ್ಳುತ್ತಿದ್ದುದು ನೋಡಿ ಅಲ್ಲ, ಕೇಳಿ. ಉಬ್ರಾಣಿಯ ತವರಿನಲ್ಲಿ ಅಪ್ಪ ಶ್ರಾವಣದುದ್ದಕ್ಕೂ ಸಂಜೆ ಪುರಾಣ ಓದುತ್ತಿದ್ದರು. ಅರ್ಥ ತಿಳಿಯದ ವಯಸ್ಸಿನಲ್ಲೂ ಅವಳು ಕಂಬಕ್ಕೆ ಒರಗಿ ಕೂತು, ಯಾವ ಸಾಲಿನಲ್ಲಿ ಅಪ್ಪನ ದನಿ ತಗ್ಗುತ್ತದೆ, ಯಾವುದರಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಕೇಳುತ್ತಿದ್ದಳು. ಈ ಹುಡುಗಿಯ ದನಿಯಲ್ಲಿ ಬಿಂಕವಿರಲಿಲ್ಲ. ತುಸು ಭಯವಿತ್ತು. ಬರುವ ಮನೆಯ ಹಿರಿಯ ಸೊಸೆ ಹೇಗೋ ಏನೋ ಎಂಬ ಭಯ.

ಅತ್ತೆ ನಿರ್ಮಲಮ್ಮ ಹಿಂದಿನಿಂದ ಬಂದು ಫೋನಿಗೆ ಬಗ್ಗಿದರು. "ಇದೇನೇ, ತೋಳಿಗೆ ಗಾಳಿ ಹೊಡಿಸ್ಕಂಡಾಳೆ?"

"ಫ್ಯಾಷನ್ ಅತ್ತೆ."

"ನಮ್ಮವ್ವನ ಕಾಲದಾಗೂ ಇಂಥವೇ ಇದ್ವು. ರೊಟ್ಟಿ ಮರತೆ ನೀನು, ಸುಡೋ ಮುಂಚೆ ತೆಗೀ."

ಬೇರೆ ವರ್ಷವಾಗಿದ್ದರೆ ಸಂಧ್ಯಾರಾಣಿ ನಕ್ಕು ಫೋನು ಮುಚ್ಚಿಡುತ್ತಿದ್ದಳು. ಸಂತೇಬೆನ್ನೂರಿಗೆ ಸೊಸೆಯಾಗಿ ಬಂದಂದಿನಿಂದ ಅವಳ ರವಿಕೆ ಒಂದೇ ಬಗೆಯದು. ಮೊಣಕೈವರೆಗೆ ತೋಳು, ದುಂಡು ಕೊರಳು, ಮುಂದೆ ಹುಕ್ಕು. ಸೀರೆ ಗಾಢ ಬಣ್ಣದ್ದು, ಕೊಳೆ ಕಾಣದಂಥದ್ದು. ಆದರೆ ಈ ಬೇಸಿಗೆಯಲ್ಲಿ ಹೊನ್ನಾಳಿಯಲ್ಲಿ ಗಂಡನ ನೆಂಟರ ಗೃಹಪ್ರವೇಶವಾಯಿತು. ಅಲ್ಲಿ ಅವಳು ಬಾಗಿಲ ಬಳಿ ನಿಂತಿದ್ದಾಗ, ಜರಿ ಸೀರೆಯ ಹೆಂಗಸೊಬ್ಬರು ಕಾಫಿ ಕುಡಿದ ಲೋಟಗಳ ತಟ್ಟೆಯನ್ನು ಅವಳ ಕೈಗಿಟ್ಟು, "ಅಡಿಗೇರ ಜೊತೆ ಬಂದಾಕಿ ಅಲ್ವೇನವ್ವ? ಇವನ್ನ ಒಳಗಿಡು" ಎಂದಿದ್ದರು. ಅವಳು ಒಳಗಿಟ್ಟು ಬಂದಿದ್ದಳು. ಗಂಡ ಗುರುಬಸವರಾಜ್‌ಗೆ ಹೇಳಿದಾಗ ಅವನು ನಕ್ಕುಬಿಟ್ಟ. "ಲೋಟ ತಾನೇ, ಹೋಗ್ಲಿ ಬಿಡು." ಲೋಟ ಭಾರವಾಗಿರಲಿಲ್ಲ. ಒಂದು ಮನೆಗೆ ಹದಿನಾಲ್ಕು ವರ್ಷ ದುಡಿದವಳು, ಹತ್ತು ಜನರ ನಡುವೆ ಆ ಮನೆಯವಳೆಂದು ಯಾರ ಕಣ್ಣಿಗೂ ಕಾಣಲಿಲ್ಲವಲ್ಲ ಎಂಬುದು ಭಾರವಾಗಿತ್ತು.

ನಿಶ್ಚಿತಾರ್ಥದ ದಿನ ಅವಳು ಎಲ್ಲರೆದುರು ಉಡಿ ತುಂಬಬೇಕು. ಅವತ್ತೊಂದು ದಿನವಾದರೂ, ಇವಳೇ ಹಿರಿಯ ಸೊಸೆ ಎಂದು ಯಾರೂ ಹೇಳದೆಯೇ ತಿಳಿಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಶನಿವಾರ ಚನ್ನಗಿರಿಗೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಚೈತ್ರಶ್ರೀಯ ಹೊಲಿಗೆ ಅಂಗಡಿ. ಜಗಳೂರು ಕಡೆಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದವಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವಷ್ಟು ಮಾತುಗಾತಿ. ಫೋಟೋಗಳನ್ನು ನೋಡಿ ಅವಳು ಪಿನ್ನು ಉಗುಳಿದಳು.

"ಅಕ್ಕಾ, ನೀವಾ? ನಿಜವಾಗ್ಲೂ?"

"ಯಾಕೆ, ನಾನು ಹೆಣ್ಣಲ್ವೇನೇ?"

"ಅಯ್ಯೋ, ಹಂಗಲ್ಲ. ನಿಮ್ಮ ಅಳತೆ ಬರ್ಕೊಳ್ಳೋದನ್ನೇ ಬಿಟ್ಟಿದ್ದೆ ನಾನು, ಹಳೇದು ನೋಡಿ ಹಂಗೇ ಹೊಲಿಯೋದು. ಬರ್ರಿ, ಕನ್ನಡಿ ಮುಂದೆ ನಿಂತ್ಕಳ್ರಿ."

ಗಿರಾಕಿಗಳದ್ದೇ ಹೊಲಿದಿಟ್ಟ ರವಿಕೆಗಳನ್ನು ಒಂದೊಂದಾಗಿ ಎದೆಯ ಮೇಲೆ ಹಿಡಿದು ತೋರಿಸಿದಳು. ಉಬ್ಬು ತೋಳಿನದು ಬಂದಾಗ ಸಂಧ್ಯಾರಾಣಿ ಕೈ ಮುಂದೆ ಚಾಚಿ, ಉಡಿ ತುಂಬುವಂತೆ ಮಾಡಿ ನೋಡಿಕೊಂಡಳು. "ನನಗಿಂತ ಮೊದ್ಲು ತೋಳು ಹೋಗಿ ಉಡಿ ತುಂಬಿ ಬರ್ತಾವೆ. ಬ್ಯಾಡ." ದಾರದ ಬೆನ್ನಿನದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. "ಇದನ್ನ ಹಾಕ್ಕಂಡು ನಮ್ಮ ಮಾವನ ಮುಂದೆ ಬೆನ್ನು ಮಾಡಾಕೆ ಆಗಾಕಿಲ್ಲ ಕಣೇ. ಇಡೀ ದಿನ ಗೋಡೆಗೆ ಒರಗಿ ನಿಲ್ಬೇಕಾಗ್ತೈತೆ."

ಮೂರನೆಯದು ಬೋಟ್ ನೆಕ್. ಅದನ್ನು ಹಿಡಿದಾಗ ಅವಳು ಕನ್ನಡಿಗೆ ಇನ್ನಷ್ಟು ಹತ್ತಿರ ಸರಿದಳು. ನೇರ ಗೆರೆಯ ಮೇಲೆ ಕೊರಳು ಎದ್ದು ನಿಂತಿತ್ತು. ಭುಜ ತಾನಾಗಿ ಹಿಂದಕ್ಕೆ ಸರಿಯಿತು. ತನಗೊಂದು ಕೊರಳಿದೆ ಎಂಬುದನ್ನೇ ಇಷ್ಟು ವರ್ಷ ಮರೆತಿದ್ದೆನಲ್ಲ ಎನಿಸಿತು. ಮುಚ್ಚಬೇಕಾದದ್ದನ್ನೆಲ್ಲ ಮುಚ್ಚಿತ್ತು, ಆದರೂ ಹೊಸದಾಗಿತ್ತು. ಇದು ಬೇರೆಯವರ ಬಟ್ಟೆ ಹಾಕಿಕೊಂಡಂತಿಲ್ಲ, ತನ್ನದೇ ಎಲ್ಲೋ ಇಟ್ಟು ಮರೆತದ್ದು ಸಿಕ್ಕಂತಿದೆ.

"ಇದು," ಎಂದಳು.

"ನಿಮಗೆ ಹೇಳಿ ಮಾಡಿಸಿದಂಗೈತೆ. ಆದ್ರೆ ಅಕ್ಕಾ, ಇದಕ್ಕೆ ಹುಕ್ಕು ಹಿಂದೆ ಬರ್ತಾವೆ. ಮುಂದೆ ಇಟ್ರೆ ಗೆರೆ ಮುರೀತೈತೆ. ಒಳಗೆ ಪ್ಯಾಡು ಹಾಕಿ ಮೈಗೆ ಅಂಟ್ಕಂಡಂಗೆ ಕೂರಿಸ್ತೀನಿ. ಹಾಕ್ಕಳ್ಳಾಕೆ ಮಾತ್ರ ಇನ್ನೊಬ್ರು ಬೇಕು."

"ನಮ್ಮತ್ತೆ ಇದಾರೆ."

"ಅವ್ರು ಹುಕ್ಕು ಹಾಕ್ತಾರಾ? ಬೈತಾರಾ?"

"ಎರಡೂ ಮಾಡ್ತಾರೆ."

ಸೀರೆಗೂ ಹಾಗೇ ತಡಕಾಡಿದಳು. ಪಕ್ಕದ ಅಂಗಡಿಯಲ್ಲಿ ಈ ವರ್ಷದ್ದೆಂದು ತೋರಿಸಿದ ಆರ್ಗಂಜಾ ಸೀರೆಯನ್ನು ಬಿಡಿಸಿದರೆ, ಒಣಗಿದ ಮೆಕ್ಕೆಜೋಳದ ಗರಿಯ ನಡುವೆ ನಡೆದಂತೆ ಸರಸರ ಸದ್ದು. ಪೂಜೆಗೆ ಕೂತಾಗ ಈ ಸೀರೆಯೇ ಮಂತ್ರ ಹೇಳುತ್ತದೆ ಎಂದು ಅದನ್ನು ಮಡಿಸಿಟ್ಟಳು. ತೆಳು ನೇರಳೆ ಬಣ್ಣ ಚಂದವಿತ್ತು. ಆ ಬಣ್ಣವನ್ನೇ ಮೆತ್ತನೆಯ ರೇಷ್ಮೆಯಲ್ಲಿ ಕೇಳಿ ತೆಗೆದುಕೊಂಡಳು. ಬೋಟ್ ನೆಕ್ಕಿಗೆ ಕೊರಳಲ್ಲಿ ಏನೂ ಇರಬಾರದು, ಕಿವಿಗೆ ದೊಡ್ಡ ಓಲೆ ಸಾಕು ಎಂದು ಉಷಾರಾಣಿ ಹೇಳಿದ್ದಳು. ತಾಳಿ ರವಿಕೆಯೊಳಗೆ ಹೋಗುತ್ತದೆ, ಅದಕ್ಕೂ ಅಡ್ಡಿಯಿಲ್ಲ ಎಂದುಕೊಂಡಳು.

ನಿಶ್ಚಿತಾರ್ಥದ ಬೆಳಿಗ್ಗೆ ನಿರ್ಮಲಮ್ಮ ಸೊಸೆಯ ಬೆನ್ನ ಹಿಂದೆ ನಿಂತು ಉಸಿರು ಬಿಗಿಹಿಡಿದು ಹುಕ್ಕು ಹಾಕಿದರು. "ಇದೇನ್ ಜಂಪರೋ, ಜೋಳದ ಚೀಲದ ಬಾಯಿ ಹೊಲಿದಂಗೈತೆ. ಹೊಟ್ಟೆ ಒಳಗೆ ಎಳ್ಕಾ. ಇನ್ನೂ ಎಳ್ಕಾ. ಹ್ಞೂ, ಈಗ ಉಸಿರಾಡು."

ಹುಕ್ಕು ಹಾಕಿಸಿಕೊಳ್ಳುವ ಮೊದಲೇ ಅವಳು ಒಂದು ಕೆಲಸ ಮಾಡಿಕೊಂಡಿದ್ದಳು. ಕೊರಳಿನ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಎಂದೂ ಅದು ರವಿಕೆಯ ಮೇಲೆ, ಸೆರಗಿನ ಕೆಳಗೆ ಇರುತ್ತಿತ್ತು. ಅಂಗಡಿಯಲ್ಲಿ ಅಳತೆ ನೋಡಿದ ದಿನವೂ ಹಾಗೇ ಇತ್ತು. ಇವತ್ತು ರವಿಕೆ ಎದೆಗಿಟ್ಟು ಕನ್ನಡಿ ನೋಡಿದರೆ, ಆ ನೇರ ಗೆರೆಯ ಮೇಲೆ ದಾರವೊಂದು ಅಡ್ಡ ಬಂದಂತೆ ಕಂಡಿತು. ಬೆಳಗಿನ ಪೂಜೆ ಮುಗಿದಿತ್ತು. ಮೈಮೇಲೆ ಇದ್ದರಾಯಿತು, ಒಳಗಿದ್ದರೇನು ಹೊರಗಿದ್ದರೇನು ಎಂದುಕೊಂಡು ಕರಡಿಗೆಯನ್ನು ಎದೆಯ ಮೇಲೆ ಇಟ್ಟು, ಅದರ ಮೇಲೆ ರವಿಕೆ ತೊಟ್ಟಿದ್ದಳು. ಹುಕ್ಕು ಬಿದ್ದಾಗ ಬೆಳ್ಳಿ ತಣ್ಣಗೆ ಮೈಗೆ ಒತ್ತಿತು. ಅದು ಸಮಾಧಾನವೆಂದೇ ಅನಿಸಿತು.

ಹೊನ್ನಾಳಿಯ ಸೇತುವೆ ದಾಟಿ ಕಾರು ನ್ಯಾಮತಿಯ ಸಮುದಾಯ ಭವನ ಮುಟ್ಟಿದಾಗ ಬಿಸಿಲು ಏರಿತ್ತು. ಗುರುಬಸವರಾಜ್ ಬಾಗಿಲು ತೆಗೆದು, ಇಳಿಯುತ್ತಿದ್ದ ಹೆಂಡತಿಯನ್ನು ಇನ್ನೊಮ್ಮೆ ನೋಡಿ, "ಏನ್ ಬೀಗ್ತೇರೇ, ಹೆಣ್ಣಿನ ಕಡೇರೋ ಗಂಡಿನ ಕಡೇರೋ?" ಎಂದ. ಅವನ ಬಾಯಲ್ಲಿ ಬಂದ ಹೊಗಳಿಕೆಯ ಅಳತೆ ಅವಳಿಗೆ ಗೊತ್ತು. ಇದು ಅವನ ಪಾಲಿಗೆ ಬಹಳ.

ವೇದಿಕೆಯ ಮೇಲೆ ಅಕ್ಕಿ, ಕೊಬ್ಬರಿ, ವೀಳ್ಯದೆಲೆ, ಬಳೆಗಳಿಂದ ಉಷಾರಾಣಿಯ ಉಡಿ ತುಂಬುವಾಗ, ಹಿಂದಿನ ಕುರ್ಚಿಗಳಿಂದ ಒಂದು ದನಿ ಕೇಳಿತು. "ಆಕಿ ಹಿರಿ ಸೊಸೆ ಇರ್ಬೇಕು. ನಿಂತಿರೋದು ನೋಡಿದ್ರೇ ಗೊತ್ತಾಗ್ತೈತೆ." ಯಾರ ದನಿಯೋ, ತಿರುಗಿ ನೋಡಲಿಲ್ಲ. ಕೇಳಿಸಿಕೊಂಡಳು, ಅಷ್ಟೇ ಸಾಕಿತ್ತು. ಉಷಾರಾಣಿ ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು: "ಅಕ್ಕಾ, ಸೂಪರ್."

ಊಟಕ್ಕೆ ಮೊದಲ ಪಂಕ್ತಿ ಬೀಗರದು, ಜೊತೆಗೆ ಹೆಣ್ಣಿನ ಕಡೆಯ ಕೆಲವರು. ಗಂಡಸರದು ಒಂದು ಸಾಲು, ಎದುರಿಗೆ ಹೆಂಗಸರದು. ಬಾಳೆಲೆಯ ಮೇಲೆ ಕೋಸಂಬರಿ, ಪಲ್ಯ, ಹೋಳಿಗೆ ಬಂದವು. ಹಿರಿಯರೆಲ್ಲ ಊಟಕ್ಕೆ ಮೊದಲು ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡರು. ಪಕ್ಕದಲ್ಲಿ ನಿರ್ಮಲಮ್ಮನೂ ಒತ್ತಿಕೊಂಡು ಒಳಗಿಟ್ಟರು. ಸಂಧ್ಯಾರಾಣಿಯ ಕೈ ಎಂದಿನಂತೆ ಕೊರಳಿಗೆ ಹೋಯಿತು. ದಾರ ಸಿಕ್ಕಿತು. ಎಳೆದಳು. ಬರಲಿಲ್ಲ.

ಇನ್ನೊಮ್ಮೆ ಎಳೆದಳು. ಮೈಗೂ ಬಿಗಿದ ಬಟ್ಟೆಗೂ ನಡುವೆ ಕರಡಿಗೆ ಅಡ್ಡ ತಿರುಗಿ ಸಿಕ್ಕಿಕೊಂಡಿತು. ಗೆರೆ ಎಳೆದಂಥ ಆ ಕೊರಳಿನಲ್ಲಿ ಎರಡು ಬೆರಳು ತೂರಿಸಲೂ ಜಾಗವಿಲ್ಲ. ಹುಕ್ಕೆಲ್ಲ ಬೆನ್ನಿಗೆ. ಜೋರಾಗಿ ಎಳೆದರೆ ಶಿವದಾರ ಕಿತ್ತೀತು. ಆ ಯೋಚನೆಗೇ ಕೈ ಬಿಟ್ಟುಬಿಟ್ಟಳು.

ದೀಕ್ಷೆಯಾದಂದಿನಿಂದ ಲಿಂಗವನ್ನು ಕಣ್ಣಿಗೊತ್ತಿಕೊಳ್ಳದೆ ಅವಳು ಬಾಯಿಗೆ ಅನ್ನ ಇಟ್ಟವಳಲ್ಲ. ಹೆರಿಗೆ ಆಸ್ಪತ್ರೆಯ ಮಂಚದ ಮೇಲೂ ಅಷ್ಟೇ, ಜ್ವರದಲ್ಲಿ ಗಂಜಿ ಕುಡಿಯುವಾಗಲೂ ಅಷ್ಟೇ. ಇವತ್ತೊಂದು ದಿನ ಮನಸ್ಸಿನಲ್ಲೇ ನೆನೆದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಒಪ್ಪಿತು. ಕೈ ಒಪ್ಪಲಿಲ್ಲ. ಅದು ಎಲೆಯ ಅಂಚಿನಲ್ಲೇ ಕೂತಿತ್ತು.

"ಅಕ್ಕಾ, ತುಪ್ಪ ಹಾಕ್ಲಾ?" ಬಡಿಸುವವನು ನಿಂತ.

"ತಡೀರಿ."

ಅವನು ಮುಂದೆ ಹೋದ, ತಿರುಗಿ ಬಂದ. "ಇನ್ನೂ ಕೈಯೇ ಇಟ್ಟಿಲ್ಲಲ್ರೀ?"

ಆ ಮಾತು ಜೋರಾಯಿತು. ಸಾಲಿನ ಕೊನೆಯಲ್ಲಿದ್ದ ಹೆಣ್ಣಿನ ಕಡೆಯ ಇಬ್ಬರು ಹೆಂಗಸರು ಇತ್ತ ಬಗ್ಗಿದರು. ಬೇಡವೆಂದರೂ ಅವಳ ಕಿವಿಗೆ ಎಲ್ಲ ಕೇಳಿಸುತ್ತಿತ್ತು.

"ಹಿರಿ ಸೊಸೆ ಎಲೆ ಮುಟ್ಟಿಲ್ಲ ನೋಡೇ."

"ಕೊಟ್ಟ ಸೀರೆ ಮನಸ್ಸಿಗೆ ಬರ್ಲಿಲ್ಲೇನೋ."

"ಸೀರೆ ಅಲ್ಲ ಬಿಡು. ಹುಡುಗೀನೇ ಮನಸ್ಸಿಗೆ ಬಂದಿಲ್ಲ."

ಆ ಮಾತಿನ ಭಾರ ಸಂಧ್ಯಾರಾಣಿಗೆ ಗೊತ್ತಿತ್ತು. ಈ ಕಡೆ ಗಂಡಿನವರು ಹೆಣ್ಣಿನ ಮನೆಯಲ್ಲಿ ಎಲೆ ಮುಟ್ಟದೆ ಕೂತರೆ ಅದಕ್ಕೆ ಒಂದೇ ಅರ್ಥ. ಸಂಬಂಧ ಬೇಡ ಎಂದು ಬಾಯಿಬಿಟ್ಟು ಹೇಳದವರು ಹಾಗೆ ಹೇಳುತ್ತಾರೆ. ಅನ್ನ ಬಿಟ್ಟು ಎದ್ದದ್ದಕ್ಕೇ ಮುರಿದ ಮಾತುಕತೆಗಳ ಸುದ್ದಿ ಪ್ರತಿ ಮದುವೆ ಮನೆಯಲ್ಲೂ ಒಂದಿರುತ್ತದೆ. ಎಲ್ಲರ ಕಣ್ಣಿಗೆ ಕಾಣಬೇಕೆಂದಿದ್ದಳು. ಈಗ ಇಡೀ ಪಂಕ್ತಿ ಅವಳ ಖಾಲಿ ಕೈಯನ್ನೇ ನೋಡುತ್ತಿತ್ತು.

ನಿರ್ಮಲಮ್ಮ ತುಟಿ ಅಲುಗಿಸದೆ ಗದರಿದರು. "ಏನೇ ನಿನ್ ಕತೆ? ಉಣ್ಣು ಸುಮ್ಕೆ. ಅವ್ರ ಮುಖ ನೋಡಾಕೆ ಆಗ್ತಿಲ್ಲ ನನಗೆ."

"ಅತ್ತೆ..." ಎದುರು ಸಾಲಿನಲ್ಲಿ ಮಾವ, ಮೈದುನ, ಅವರ ನಡುವೆ ಹುಡುಗಿಯ ಸೋದರಮಾವಂದಿರು. ರವಿಕೆಯ ಮಾತನ್ನು ಇವರೆದುರು ಹೇಗೆ ತೆಗೆಯುವುದು?

ಅಷ್ಟರಲ್ಲಿ ಉಷಾರಾಣಿಯ ತಾಯಿ ನಾಗರತ್ನ ಬಂದು ಎಲೆಯೆದುರು ನಿಂತರು. ಸೆರಗು ಭುಜಕ್ಕೆ ಹೊದ್ದು ಎರಡೂ ಕೈ ಜೋಡಿಸಿದ್ದರು. "ಬೀಗ್ತೇರೇ, ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕಳ್ರಿ. ನಮ್ಮ ಮಗಳಿಗೆ ಅಕ್ಕ ಅಂತ ಇರೋರು ನೀವೊಬ್ರೇ." ದನಿ ನಡುವಿನಲ್ಲಿ ಬಿರಿಯಿತು.

ಅವರ ಹಿಂದೆಯೇ ಉಷಾರಾಣಿ. ಇನ್ನೂ ಉಡಿಯ ಗಂಟು ಸೊಂಟದಲ್ಲಿ, ಮುಖದಲ್ಲಿ ರಕ್ತವಿಲ್ಲ. ಸಂಧ್ಯಾರಾಣಿ ಅವಳ ಕೈ ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. "ಲಿಂಗ ಬ್ಲೌಸಿನೊಳಗೆ ಸಿಕ್ಕಂಡೈತೆ. ತೆಗ್ಯಾಕೆ ಬರ್ತಿಲ್ಲ. ಒತ್ಕಳ್ಳದೆ ನಾನು ಉಣ್ಣಾಕಿಲ್ಲ."

ಉಷಾರಾಣಿಯ ಕಣ್ಣು ಅರಳಿದವು. ಮರುಗಳಿಗೆ ಅವಳು ಸಂಧ್ಯಾರಾಣಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಅಕ್ಕನ್ನ ಎರಡು ನಿಮಿಷ ಕರ್ಕಂಡು ಹೋಗ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅಲಂಕಾರದ ಕೋಣೆಗೆ ಕರೆದೊಯ್ದಳು. ಬೆನ್ನ ಹಿಂದೆ ಇಡೀ ಪಂಕ್ತಿ ಸದ್ದಿಲ್ಲದೆ ಕೂತದ್ದು ಸಂಧ್ಯಾರಾಣಿಗೆ ಕೇಳಿಸಿತು.

ಬಾಗಿಲು ಹಾಕಿ ಉಷಾರಾಣಿ ಹುಕ್ಕು ಬಿಚ್ಚತೊಡಗಿದಳು. ಗೋರಂಟಿ ಹಚ್ಚಿದ ಬೆರಳು ಜಾರುತ್ತಿದ್ದವು. "ಅಕ್ಕಾ, ನಿಮಗೆ ನಾನು ಬ್ಯಾಡಾದ್ನೇನೋ ಅಂತ ಜೀವ ಹೋಗಿತ್ತು ನನಗೆ."

"ಹುಚ್ಚಿ."

"ನಾನೇ ಕಳಿಸಿದ್ದಲ್ವಾ ಈ ಫೋಟೋ. ನನಗೆ ಹೊಳೀಲೇ ಇಲ್ಲ." ಹುಕ್ಕಿನ ಮೇಲೆ ಕೈ ನಿಂತಿತು. "ಹೆಂಗೆ ಹೊಳೀಬೇಕು? ನನ್ ಲಿಂಗ ನಾನು ಕಾಲೇಜಿಗೆ ಹೋಗಾಕೆ ಶುರು ಮಾಡಿದಾಗಿಂದ ದೇವರ ಮನೇಲಿ ಡಬ್ಬಿಯೊಳಗೆ ಐತೆ. ಅಮ್ಮಂಗೂ ಗೊತ್ತಿಲ್ಲ. ಹಾಕ್ಕಂಡೀನಿ ಅನ್ಕಂಡಿದಾರೆ."

ಸಂಧ್ಯಾರಾಣಿ ಕಿವಿಗೊಟ್ಟಳು. ಆ ದನಿಯಲ್ಲಿ ತಪ್ಪಿಸಿಕೊಳ್ಳುವ ಜಾಣತನ ಇರಲಿಲ್ಲ. ಬಹಳ ದಿನದಿಂದ ಇಳಿಸಲು ಜಾಗ ಹುಡುಕುತ್ತಿದ್ದ ಹೊರೆಯೊಂದು ಇತ್ತು.

"ಬೈತೀರೇನಕ್ಕಾ?"

"ಬೈಯಾಕೆ ಯಾವ ಬಾಯಿ ಐತೆ ನನಗೆ? ಕನ್ನಡಿಯಾಗೆ ಚಂದ ಕಾಣ್ಲಿ ಅಂತ ನಾನೇ ಒಳಗೆ ತುರುಕಿದ್ದು. ಬಿಚ್ಚು ಬೇಗ."

ಕೊನೆಯ ಹುಕ್ಕು ಬಿಚ್ಚಿದಾಗ ಕರಡಿಗೆ ಅಂಗೈಗೆ ಬಂತು. ಬೆವರಿಗೆ ಬೆಚ್ಚಗಾಗಿತ್ತು. ಎದೆಯ ಮೇಲೆ ಅದರ ಗುರುತು ದುಂಡಗೆ ಕೆಂಪಾಗಿತ್ತು. ಕರಡಿಗೆಯನ್ನು ರವಿಕೆಯ ಹೊರಗೆ ಬಿಟ್ಟುಕೊಂಡು ಮತ್ತೆ ಹುಕ್ಕು ಹಾಕಿಸಿಕೊಂಡಳು. ಕನ್ನಡಿಯಲ್ಲಿ ನೇರ ಗೆರೆಯ ಮೇಲೆ ದಾರ ಅಡ್ಡ ಹಾಯ್ದಿತ್ತು. ಬೆಳಿಗ್ಗೆ ಕಂಡಷ್ಟು ಕೆಟ್ಟದಾಗೇನೂ ಕಾಣಲಿಲ್ಲ. ಕೊರಳು ಹಾಗೇ ಇತ್ತು, ಭುಜವೂ ಹಾಗೇ ಇತ್ತು.

ಬಾಗಿಲ ಬಳಿ ಉಷಾರಾಣಿ ತಡೆದಳು. "ಸೆರಗಿನ ಪಿನ್ನು ಚುಚ್ಚಿತ್ತು ಅಂತ ಹೇಳಾನ. ಯಾರೂ ನಗಾಕಿಲ್ಲ."

ಸಂಧ್ಯಾರಾಣಿ ಯೋಚಿಸಿದಳು. ಪಿನ್ನು ಎಂದರೆ ತನ್ನ ಮಾನ ಉಳಿಯುತ್ತದೆ. ಆದರೆ ಪಿನ್ನು ಚುಚ್ಚಿದವಳು ಅಷ್ಟು ಹೊತ್ತು ಎಲೆಯೆದುರು ಕಲ್ಲಿನಂತೆ ಕೂರುವುದಿಲ್ಲ. ಆ ಇಬ್ಬರು ಹೆಂಗಸರು ನಂಬುವುದಿಲ್ಲ. ನಾಳೆ ಈ ಹುಡುಗಿ ನೆಂಟರ ಮನೆಗೆ ಹೋಗಲಿ, ನೀರಿಗೆ ಹೋಗಲಿ, 'ಗಂಡಿನ ಅತ್ತಿಗೆಗೆ ಮನಸ್ಸಿರಲಿಲ್ಲವಂತೆ' ಎಂಬ ಮಾತು ಅವಳ ಬೆನ್ನ ಹಿಂದೆ ಬರುತ್ತದೆ.

"ನಕ್ರೆ ನಗ್ಲಿ," ಎಂದು ಬಾಗಿಲು ತೆಗೆದಳು.

ಪಂಕ್ತಿಯಲ್ಲಿ ಒಬ್ಬರೂ ಎದ್ದಿರಲಿಲ್ಲ. ಒಬ್ಬರ ಎಲೆ ಉಳಿದಿರುವಾಗ ಉಳಿದವರು ಏಳುವ ಪದ್ಧತಿಯಿಲ್ಲ. ಉಂಡವರ ಕೈ ಎಲೆಯ ಮೇಲೇ ಒಣಗುತ್ತಿತ್ತು. ನಾಗರತ್ನ ಇನ್ನೂ ಅಲ್ಲೇ ನಿಂತಿದ್ದರು. ಸಂಧ್ಯಾರಾಣಿ ಅವರ ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿದಳು. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದ ದನಿ ಮೊದಲು ನಡುಗಿತು, ಆಮೇಲೆ ನಿಂತಿತು.

"ನಿಮ್ದೇನೂ ತಪ್ಪಿಲ್ರೀ. ನಿಮ್ಮ ಮಗಳೂ ನನಗೆ ಬಾಳ ಮನಸ್ಸಿಗೆ ಬಂದಾಳೆ. ತಪ್ಪು ಈ ಬ್ಲೌಸಿಂದು. ಫ್ಯಾಷನ್ ಅಂತ ಹಿಂದೆ ಹುಕ್ಕು ಇಡಿಸ್ದೆ, ಲಿಂಗ ಒಳಗೆ ಹಾಕ್ಕಂಡೆ, ಈಗ ಊಟಕ್ಕೆ ತೆಗ್ಯಾಕೆ ಬರ್ಲಿಲ್ಲ."

ಸಾಲಿನ ಕೊನೆಯಿಂದ ಕಿಸಕ್ಕೆಂದು ನಗು ಹೊರಟು, ಎಲೆಯಿಂದ ಎಲೆಗೆ ಹರಿದು ಬಂತು. ಆ ಇಬ್ಬರು ಹೆಂಗಸರೂ ನಗುತ್ತಿದ್ದರು. ಗಂಡಸರ ಸಾಲಿನಲ್ಲಿ ಮಾವ ಷಣ್ಮುಖಪ್ಪ ಮಾತ್ರ ನಗದೆ ಎಲೆ ನೋಡುತ್ತಾ ಕೂತಿದ್ದರು. ಅವರ ಭುಜ ಅಲುಗುತ್ತಿತ್ತು.

"ಅಯ್ಯ ನನ್ನವ್ವಾ!" ನಾಗರತ್ನ ಕಣ್ಣೊರೆಸಿಕೊಂಡು ನಕ್ಕರು. "ಇಷ್ಟಕ್ಕೆ ನನ್ನ ಎದೆ ಒಡೆದಿದ್ರಲ್ರೀ!"

"ಬೆಳಿಗ್ಗೇನೇ ಹೇಳಿದ್ದೆ ನಾನು, ಚೀಲದ ಬಾಯಿ ಹೊಲಿದಂಗೈತೆ ಅಂತ," ನಿರ್ಮಲಮ್ಮ ಅಕ್ಕಪಕ್ಕದವರಿಗೆಲ್ಲ ಹೇಳತೊಡಗಿದರು. ಸೊಸೆಯ ಕಡೆ ತಿರುಗಿದಾಗ ದನಿ ಇಳಿಯಿತು. "ಕೂತ್ಕ ಬಾ. ಎಲ್ಲ ಆರಿಹೋತು."

ಸಂಧ್ಯಾರಾಣಿ ಕೂತು ಕರಡಿಗೆ ತೆರೆದಳು. ಲಿಂಗ ಎಡ ಅಂಗೈಗೆ ಬಂತು. ಕಣ್ಣು ಮುಚ್ಚಿ ಒತ್ತಿಕೊಂಡಳು. ಆ ಸ್ವಲ್ಪ ಹೊತ್ತು ಭವನದ ಗದ್ದಲ ತಾನಾಗಿ ತಗ್ಗಿತು. ಕಣ್ಣು ತೆರೆದಾಗ ಎಲೆಯ ಮೇಲೆ ಬಿಸಿ ಹೋಳಿಗೆ ಬಿದ್ದಿತ್ತು. ತುಪ್ಪದ ಮಿಳ್ಳಿ ಹಿಡಿದು ಉಷಾರಾಣಿಯೇ ಬಗ್ಗಿದ್ದಳು.

ಉಳಿದವರೆಲ್ಲ ಒಣಗಿದ ಕೈ ಇಟ್ಟುಕೊಂಡು ಅವಳು ಉಣ್ಣುವುದನ್ನೇ ನೋಡುತ್ತಿದ್ದರು. ನಾಚಿಕೆಯಾಗಿ ಅವಳು ಬೇಗ ಬೇಗ ಮುರಿಯತೊಡಗಿದಳು.

"ನಿಧಾನಕ್ಕೆ ಉಣ್ಣವ್ವಾ," ಸಾಲಿನ ಕೊನೆಯಿಂದ ಒಬ್ಬಾಕೆ ಕೂಗಿದಳು. "ನಾವು ಕುಂತೀವಿ."

ಉಷಾರಾಣಿ ಪಕ್ಕದಲ್ಲೇ ಮಂಡಿಯೂರಿದಳು. "ಮದುವೆಗೆ ಎಂಥದು ಹೊಲಿಸ್ತೀರಕ್ಕಾ? ಹಳೇ ಥರದ್ದೇನಾ?"

ಬಾಯಲ್ಲಿದ್ದ ತುತ್ತು ನುಂಗುವವರೆಗೆ ಸಂಧ್ಯಾರಾಣಿ ಯೋಚಿಸಿದಳು.

"ಇಲ್ಲ. ಈ ಕೊರಳು ನನಗೆ ಒಪ್ಪೈತೆ, ಇದೇ ಇರ್ಲಿ. ಹುಕ್ಕು ಮುಂದೆ. ಗೆರೆ ಮುರಿದ್ರೆ ಮುರೀಲಿ."

"ಹಂಗಾದ್ರೆ ನಂದೂ ಅಲ್ಲೇ ಕೊಡ್ತೀನಿ ಹೊಲ್ಯಾಕೆ. ಮುಂದೇ ಹುಕ್ಕು." ಉಷಾರಾಣಿ ಮೆಲ್ಲಗೆ ಹೇಳಿ, ಬೇರೆ ಯಾರಿಗೂ ಕಾಣದಂತೆ ಶಿವದಾರವಿಲ್ಲದ ತನ್ನ ಕೊರಳು ಮುಟ್ಟಿಕೊಂಡಳು. "ಅಳತೆಗೆ ಬರೋ ದಿನ ಅದನ್ನ ಹಾಕ್ಕಂಡೇ ಬರ್ತೀನಿ ಅಕ್ಕಾ."

ಸಂಧ್ಯಾರಾಣಿ ತಲೆಯಾಡಿಸಿ, ಇನ್ನೊಂದು ಹೋಳಿಗೆಗೆ ಎಲೆಯಲ್ಲಿ ಜಾಗ ಮಾಡಿದಳು.